ಗೆಡ್ಡೆಗೆ ನೆತ್ತರು ನಿಲ್ಲಿಸುವ ಚಿಕಿತ್ಸೆ

ದೇಹದ ಬಹುಪಾಲು ಜೀವಕೋಶಗಳು ರಕ್ತನಾಳದಿಂದ ದೂರ ಬದುಕಲಾರವು. ಲೋಮನಾಳದಿಂದ ಹೊರಟ ಆಮ್ಲಜನಕ ಅಂಗಾಂಶದೊಳಗೆ ಇಂಗಿ ತಲುಪಬಲ್ಲ ದೂರ ಸುಮಾರು 100ರಿಂದ 200 ಮೈಕ್ರಾನ್, ಅಂದರೆ ಹೆಚ್ಚೆಂದರೆ ಮಿಲಿಮೀಟರಿನ ಐದನೇ ಒಂದು ಪಾಲು. ಅದರಾಚೆ ಕೋಶ ಉಸಿರುಗಟ್ಟುತ್ತದೆ. ಕ್ಯಾನ್ಸರ್ ಕೋಶ ದೇಹದ ಅದೆಷ್ಟೋ ಕಟ್ಟುಪಾಡುಗಳನ್ನು ಮುರಿದರೂ ಈ ಒಂದನ್ನು ಮೀರಲಾರದು. ಸ್ವಂತ ರಕ್ತನಾಳವಿಲ್ಲದ ಗೆಡ್ಡೆ ಒಂದೆರಡು ಮಿಲಿಮೀಟರಿನಷ್ಟು ಬೆಳೆದು ನಿಲ್ಲುತ್ತದೆ. ಅಂಚಿನಲ್ಲಿ ಹೊಸ ಕೋಶಗಳು ಹುಟ್ಟುತ್ತಿದ್ದರೆ ನಡುವಿನಲ್ಲಿ ಅಷ್ಟೇ ಕೋಶಗಳು ಸಾಯುತ್ತಿರುತ್ತವೆ. ಎಷ್ಟೋ ಜನರ ದೇಹದಲ್ಲಿ ಇಂಥ ಕಣಗಳು ವರ್ಷಗಟ್ಟಲೆ ಯಾರ ಅರಿವಿಗೂ ಬಾರದೆ ಕೂತಿರುತ್ತವೆ. ಅಕ್ಕಪಕ್ಕದ ನಾಳಗಳಿಂದ ಹೊಸ ಕವಲುಗಳನ್ನು ತನ್ನೆಡೆಗೆ ಎಳೆದುಕೊಂಡ ದಿನದಿಂದ ಗೆಡ್ಡೆಯ ನಡೆ ಬದಲಾಗುತ್ತದೆ. ಅದು ಊದತೊಡಗುತ್ತದೆ. ಅದೇ ನಾಳಗಳೊಳಗೆ ಕೋಶಗಳನ್ನು ಕಳಚಿಬಿಟ್ಟು ಶ್ವಾಸಕೋಶಕ್ಕೂ ಯಕೃತ್ತಿಗೂ ಎಲುಬಿಗೂ ಹರಡುತ್ತದೆ.

ಈ ಕವಲುಗಳನ್ನು ತಡೆದರೆ ಕ್ಯಾನ್ಸರನ್ನೇ ತಡೆಯಬಹುದೆಂಬ ವಿಚಾರವನ್ನು ಒಂದು ಸಿದ್ಧಾಂತವಾಗಿ ಮುಂದಿಟ್ಟವರು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. 1960ರ ದಶಕದ ಆರಂಭದಲ್ಲಿ ಅವರು ನೌಕಾಪಡೆಯ ಪ್ರಯೋಗಾಲಯದಲ್ಲಿ ಫ್ರೆಡರಿಕ್ ಬೆಕರ್ ಜೊತೆಗೂಡಿ ರಕ್ತಕ್ಕೆ ಬದಲಿಯಾಗಬಲ್ಲ ದ್ರವವನ್ನು ಪರೀಕ್ಷಿಸುತ್ತಿದ್ದರು. ಮೊಲದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಆ ದ್ರವ ಹರಿಸಿ ಜೀವಂತವಾಗಿಟ್ಟು, ಅದರೊಳಗೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಸಣ್ಣ ಗೆಡ್ಡೆಗಳೇನೋ ಹುಟ್ಟಿದವು, ಆದರೆ ಮಿಲಿಮೀಟರ್ ಗಾತ್ರಕ್ಕೆ ಬಂದು ನಿಂತುಬಿಟ್ಟವು. ಅವೇ ಗೆಡ್ಡೆಗಳನ್ನು ಇಲಿಯ ಮೈಗೆ ಸೇರಿಸಿದಾಗ ಭರದಿಂದ ಬೆಳೆದವು. ಕೋಶಗಳು ಸತ್ತಿರಲಿಲ್ಲ. ಪಾತ್ರೆಯಲ್ಲಿ ಅವುಗಳಿಗೆ ಇಲ್ಲದಿದ್ದದ್ದು ಹೊಸ ರಕ್ತನಾಳ.

ಗೆಡ್ಡೆಯೇ ಒಂದು ರಾಸಾಯನಿಕವನ್ನು ಸ್ರವಿಸಿ ನಾಳಗಳನ್ನು ಕರೆಸಿಕೊಳ್ಳುತ್ತದೆ, ಆ ಕರೆಯನ್ನು ತಡೆಯುವುದೂ ಒಂದು ಚಿಕಿತ್ಸೆಯಾಗಬಲ್ಲುದು ಎಂದು ಫೋಕ್‌ಮನ್ 1971ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ಬಹಳ ಮಂದಿ ನಂಬಲಿಲ್ಲ. ಗೆಡ್ಡೆಯ ಸುತ್ತ ಕಾಣುವ ನಾಳಗಳು ಬರಿಯ ಉರಿಯೂತದ ಫಲ ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಉತ್ತರ ಕೊಡಲು ಫೋಕ್‌ಮನ್ ತಂಡ ಮೊಲದ ಕಣ್ಣನ್ನು ಆರಿಸಿಕೊಂಡಿತು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದಲ್ಲಿ ಸಹಜವಾಗಿ ಒಂದೂ ರಕ್ತನಾಳವಿಲ್ಲ. ಅಲ್ಲಿ ಗೆಡ್ಡೆಯ ಚೂರೊಂದನ್ನು ಇಟ್ಟರೆ, ಅಂಚಿನಿಂದ ಕೆಂಪು ಎಳೆಗಳು ದಿನದಿನಕ್ಕೂ ಆ ಚೂರಿನ ಕಡೆಗೇ ಚಾಚುವುದನ್ನು ಬರಿಗಣ್ಣಿನಲ್ಲೇ ನೋಡಬಹುದಿತ್ತು. ವಾದದಿಂದ ಸಾಧ್ಯವಾಗದ್ದನ್ನು ಈ ನೋಟ ಸಾಧಿಸಿತು.

ಕರೆಯುವ ರಾಸಾಯನಿಕವನ್ನು ಕೈಗೆ ಹಿಡಿಯಲು ಇನ್ನೂ ಕಾಲ ಬೇಕಾಯಿತು. 1983ರಲ್ಲಿ ಹೆರಾಲ್ಡ್ ಡ್ವೋರಾಕ್ ಮತ್ತು ಡೊನಾಲ್ಡ್ ಸೆಂಗರ್ ತಂಡ, ರಕ್ತನಾಳಗಳನ್ನು ಸೋರುವಂತೆ ಮಾಡುವ ಪ್ರೋಟೀನೊಂದು ಗೆಡ್ಡೆಯಿಂದ ಹೊರಬೀಳುತ್ತದೆಂದು ತೋರಿಸಿತು. 1989ರಲ್ಲಿ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿ ನೆಪೋಲಿಯೋನೆ ಫೆರಾರಾ, ನಾಳದ ಒಳಪದರದ ಕೋಶಗಳನ್ನು ವಿಭಜನೆಗೆ ಹಚ್ಚುವ ಪ್ರೋಟೀನನ್ನು ಬೇರ್ಪಡಿಸಿ ವಿಇಜಿಎಫ್ ಎಂದು ಹೆಸರಿಟ್ಟರು. ಎರಡೂ ಒಂದೇ ಪ್ರೋಟೀನ್ ಎಂಬುದು ಬೇಗ ಗೊತ್ತಾಯಿತು. ಆಮ್ಲಜನಕ ಕಡಿಮೆಯಾದಾಗ ಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಕೂಡಿಕೊಂಡು ವಿಇಜಿಎಫ್ ತಯಾರಿಯ ಜೀನನ್ನು ಚಾಲೂ ಮಾಡುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ಅದೇ ಎಚ್‌ಐಎಫ್ ಬೇಗನೆ ನಾಶವಾಗುತ್ತದೆ. ಈ ಏರ್ಪಾಡನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಮೂತ್ರಪಿಂಡದ ಬಹುಪಾಲು ಕ್ಯಾನ್ಸರುಗಳಲ್ಲಿ ಎಚ್‌ಐಎಫ್ ಅನ್ನು ನಾಶಮಾಡುವ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ. ಆಮ್ಲಜನಕ ಎಷ್ಟೇ ಇದ್ದರೂ ಕೋಶ ಅಭಾವದಲ್ಲಿರುವಂತೆಯೇ ವರ್ತಿಸಿ ವಿಇಜಿಎಫ್ ಸುರಿಯುತ್ತಲೇ ಇರುತ್ತದೆ. ನಾಳ ತಡೆಯುವ ಔಷಧಿಗಳು ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಬೇರೆಡೆಗಿಂತ ಚೆನ್ನಾಗಿ ಕೆಲಸ ಮಾಡುವುದರ ಕಾರಣ ಇಲ್ಲಿದೆ.

ಆರೋಗ್ಯವಂತ ವಯಸ್ಕರಲ್ಲಿ ಹೊಸ ನಾಳಗಳು ಹುಟ್ಟುವ ಸಂದರ್ಭಗಳು ಕಡಿಮೆ. ಗಾಯ ಮಾಯುವಾಗ, ಮುಟ್ಟಿನ ಚಕ್ರದಲ್ಲಿ, ಗರ್ಭ ನಿಂತಾಗ, ಅಷ್ಟೇ. ಉಳಿದ ಕಾಲವೆಲ್ಲ ನಾಳದ ಒಳಪದರದ ಕೋಶಗಳು ವಿಭಜನೆಯಿಲ್ಲದೆ ಸುಮ್ಮನಿರುತ್ತವೆ. ಹಾಗಾಗಿ ಹೊಸ ನಾಳಗಳಿಗೇ ಗುರಿಯಿಟ್ಟರೆ, ಕಿಮೋಥೆರಪಿಯಂತೆ ಕೂದಲು, ಕರುಳು, ಮಜ್ಜೆಗಳನ್ನೆಲ್ಲ ಹೊಡೆಯದೆ ಕ್ಯಾನ್ಸರನ್ನು ಮಾತ್ರ ಸೊರಗಿಸಬಹುದೆಂಬ ಆಸೆ ಹುಟ್ಟಿತು. ಕ್ಯಾನ್ಸರ್ ಕೋಶಗಳು ಜೀನುಗಳನ್ನು ಮಾರ್ಪಡಿಸಿಕೊಂಡು ಔಷಧಿಗೆ ಜಗ್ಗದಂತಾಗುತ್ತವೆ, ನಾಳದ ಕೋಶಗಳು ದೇಹದ ಸಹಜ ಕೋಶಗಳಾದ್ದರಿಂದ ಹಾಗೆ ಮಾಡಲಾರವು ಎಂಬುದೂ ಲೆಕ್ಕದಲ್ಲಿತ್ತು. ತರ್ಕ ಚೊಕ್ಕವಾಗಿತ್ತು. ಅದರ ಎರಡನೆಯ ಭಾಗ ಮುಂದೆ ಸುಳ್ಳಾಯಿತು.

1990ರ ದಶಕದಲ್ಲಿ ನಿರೀಕ್ಷೆ ಮೇರೆ ಮೀರಿತು. ಮೂಲ ಗೆಡ್ಡೆಯನ್ನು ತೆಗೆದ ಮೇಲೆ ಕೆಲವು ರೋಗಿಗಳಲ್ಲಿ ಬೇರೆಡೆಯ ಸಣ್ಣ ಗೆಡ್ಡೆಗಳು ದಿಢೀರನೆ ಎದ್ದುಕೊಳ್ಳುವುದೇಕೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಮೈಕೆಲ್ ಓರೈಲಿ, ಫೋಕ್‌ಮನ್ ಪ್ರಯೋಗಾಲಯದಲ್ಲಿ 1994ರಲ್ಲಿ ಆಂಜಿಯೋಸ್ಟಾಟಿನ್, 1997ರಲ್ಲಿ ಎಂಡೋಸ್ಟಾಟಿನ್ ಎಂಬ ನಾಳರೋಧಕ ಪ್ರೋಟೀನುಗಳನ್ನು ಕಂಡುಹಿಡಿದರು. ಇಲಿಗಳಲ್ಲಿ ಗೆಡ್ಡೆಗಳು ಕುಗ್ಗಿದವು. 1998ರ ಮೇ 3ರಂದು ನ್ಯೂಯಾರ್ಕ್ ಟೈಮ್ಸ್ ಇದನ್ನು ಮುಖಪುಟಕ್ಕೆ ತಂದಿತು. ಔಷಧಿ ತಯಾರಿಸುತ್ತಿದ್ದ ಎಂಟ್ರಿಮೆಡ್ ಕಂಪನಿಯ ಷೇರು ಮಾರನೆಯ ದಿನವೇ ಗಗನಕ್ಕೇರಿತು, ಆಸ್ಪತ್ರೆಗಳಿಗೆ ರೋಗಿಗಳ ಕರೆಗಳು ಮುಗಿಬಿದ್ದವು. ಮನುಷ್ಯರಲ್ಲಿ ಮಾತ್ರ ಆ ಪ್ರೋಟೀನುಗಳು ಇಲಿಗಳಲ್ಲಿ ತೋರಿದ ಫಲ ಕೊಡಲಿಲ್ಲ. ಬದುಕಿಗಾಗಿ ಕಾತರಿಸುತ್ತಿದ್ದವರಿಗೆ ಇಲಿಯ ಫಲಿತಾಂಶವನ್ನು ಮನುಷ್ಯರದ್ದೆಂಬಂತೆ ಹೇಳಿದ್ದು ಕ್ರೂರವಾಗಿಯೇ ಪರಿಣಮಿಸಿತು.

ಗೆದ್ದದ್ದು ಬೇರೆ ದಾರಿ. ವಿಇಜಿಎಫ್ ಅನ್ನು ರಕ್ತದಲ್ಲೇ ಹಿಡಿದುಹಾಕುವ ಪ್ರತಿಕಾಯವನ್ನು ಫೆರಾರಾ ತಂಡ 1993ರಲ್ಲಿ ಇಲಿಗಳ ಮೇಲೆ ಪ್ರಯೋಗಿಸಿತ್ತು. ಅದರ ಮಾನವ ರೂಪವೇ ಬೆವಾಸಿಜುಮ್ಯಾಬ್, ಅವಾಸ್ಟಿನ್ ಎಂಬ ಹೆಸರಿನ ಔಷಧಿ. ಹರಡಿದ ದೊಡ್ಡಕರುಳಿನ ಕ್ಯಾನ್ಸರಿನ 813 ರೋಗಿಗಳ ಪರೀಕ್ಷೆಯಲ್ಲಿ, ಕಿಮೋಥೆರಪಿ ಮಾತ್ರ ಪಡೆದವರ ಮಧ್ಯಕ ಬದುಕು 15.6 ತಿಂಗಳಾದರೆ ಈ ಔಷಧಿಯನ್ನೂ ಸೇರಿಸಿ ಪಡೆದವರದು 20.3 ತಿಂಗಳು. 2004ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಫೋಕ್‌ಮನ್ ಇದನ್ನು ಕಂಡರು, 2008ರ ಜನವರಿಯಲ್ಲಿ ತೀರಿಕೊಂಡರು.

ಮುಂದಿನ ಇತಿಹಾಸ ಏರುಪೇರಿನದು. ಮರುಕಳಿಸಿದ ಅಥವಾ ಹರಡಿದ ಗರ್ಭಕಂಠದ ಕ್ಯಾನ್ಸರಿನಲ್ಲಿ ಈ ಔಷಧಿ ಮಧ್ಯಕ ಬದುಕನ್ನು 13.3 ತಿಂಗಳಿಂದ 17 ತಿಂಗಳಿಗೆ ಒಯ್ದಿತು ಎಂಬ ವರದಿ 2014ರಲ್ಲಿ ಬಂತು. ಗರ್ಭಕಂಠದ ಕ್ಯಾನ್ಸರ್ ಭಾರತದ ಬಡ ಹೆಣ್ಣುಮಕ್ಕಳನ್ನು ಇಂದಿಗೂ ಹೆಚ್ಚಾಗಿ ಕಾಡುವ ರೋಗವಾದ್ದರಿಂದ ಈ ಅಂಕಿ ನಮಗೆ ಹತ್ತಿರದ್ದು. ಸ್ತನ ಕ್ಯಾನ್ಸರಿನಲ್ಲಿ 2008ರಲ್ಲಿ ಕೊಟ್ಟ ಅನುಮತಿಯನ್ನು 2011ರ ನವೆಂಬರಿನಲ್ಲಿ ಹಿಂತೆಗೆಯಬೇಕಾಯಿತು: ರೋಗದ ಬೆಳವಣಿಗೆ ತುಸು ಕಾಲ ತಡವಾದರೂ ಆಯುಷ್ಯ ಹೆಚ್ಚಲಿಲ್ಲ. ಮಿದುಳಿನ ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ಊತ ಇಳಿದು ಸ್ವಲ್ಪ ನೆಮ್ಮದಿ ಸಿಕ್ಕಿತು, ಒಟ್ಟು ಆಯುಷ್ಯ ಬದಲಾಗಲಿಲ್ಲ. ದೊಡ್ಡಕರುಳಿನ ಗೆಡ್ಡೆಯನ್ನು ಶಸ್ತ್ರಕ್ರಿಯೆಯಲ್ಲಿ ಪೂರ್ತಿ ತೆಗೆದ ಮೇಲೆ, ಮರಳಿ ಬಾರದಿರಲೆಂದು ಕೊಟ್ಟಾಗಲೂ ಉಪಯೋಗ ಕಾಣಲಿಲ್ಲ. ಆ ಹಂತದಲ್ಲಿ ದೇಹದಲ್ಲಿ ಉಳಿದಿರಬಹುದಾದ ಕಣಗಳು ಇನ್ನೂ ನಾಳ ಬೆಳೆಸಿಕೊಳ್ಳದ ಗಾತ್ರದವು, ಅವುಗಳ ಮೇಲೆ ನಾಳರೋಧಕ ಏನು ಮಾಡೀತು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಗೆಡ್ಡೆಗಳು ತಪ್ಪಿಸಿಕೊಳ್ಳುವ ಬಗೆಗಳೂ ಬೆಳಕಿಗೆ ಬಂದವು. ವಿಇಜಿಎಫ್ ದಾರಿ ಮುಚ್ಚಿದರೆ ಎಫ್‌ಜಿಎಫ್‌ನಂಥ ಬೇರೆ ಪ್ರೋಟೀನುಗಳಿಂದ ನಾಳಗಳನ್ನು ಕರೆಸಿಕೊಳ್ಳುತ್ತವೆ. ಕೆಲವು ಹೊಸ ನಾಳದ ಗೊಡವೆಗೇ ಹೋಗದೆ, ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಮೊದಲೇ ಇರುವ ಸಹಜ ನಾಳಗಳನ್ನು ಸುತ್ತುವರಿದು ಬೆಳೆಯುತ್ತವೆ. ನಾಳದ ಕೋಶ ಬದಲಾಗದಿದ್ದರೂ ಅದಕ್ಕೆ ಆಜ್ಞೆ ಕೊಡುವ ಗೆಡ್ಡೆ ಬದಲಾಗುತ್ತದೆ. ಚೊಕ್ಕ ತರ್ಕ ಎಡವಿದ್ದು ಇಲ್ಲಿ.

ಬೆವಾಸಿಜುಮ್ಯಾಬ್ ಹೆಚ್ಚಿನ ಕ್ಯಾನ್ಸರುಗಳಲ್ಲಿ ಒಂಟಿಯಾಗಿ ಹೆಚ್ಚೇನೂ ಮಾಡದೆ, ಕಿಮೋಥೆರಪಿಯ ಜೊತೆಗೆ ಕೆಲಸ ಮಾಡುವುದು ಮೇಲುನೋಟಕ್ಕೆ ವಿಚಿತ್ರ. ರಕ್ತ ನಿಂತುಹೋದರೆ ಕಿಮೋ ಔಷಧಿ ಗೆಡ್ಡೆಯೊಳಗೆ ಹೋಗುವುದಾದರೂ ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಹಾರ್ವರ್ಡ್ ಸೇರಿದ ರಾಕೇಶ್ ಜೈನ್. ಯೋಜನೆಯಿಲ್ಲದೆ ಎದ್ದ ಬಡಾವಣೆಯ ನೀರಿನ ಪೈಪುಗಳಂತೆ ಗೆಡ್ಡೆಯ ನಾಳಗಳು ಅಡ್ಡಾದಿಡ್ಡಿಯಾಗಿ ಹಬ್ಬಿರುತ್ತವೆ, ಎಲ್ಲೆಲ್ಲೂ ಸೋರುತ್ತವೆ, ಕೆಲವು ಎಲ್ಲಿಗೂ ತಲುಪದೆ ಕೊನೆಯಾಗುತ್ತವೆ. ಸೋರಿದ ದ್ರವದಿಂದ ಗೆಡ್ಡೆಯೊಳಗೆ ಒತ್ತಡ ಏರಿ, ಹೊರಗಿನಿಂದ ಬರುವ ಔಷಧಿ ಒಳನುಗ್ಗಲಾರದು. ಆಮ್ಲಜನಕವಿಲ್ಲದ ಭಾಗದಲ್ಲಿ, ಜನರ ಬಾಯಲ್ಲಿ ‘ಕರೆಂಟ್’ ಆಗಿರುವ ವಿಕಿರಣ ಚಿಕಿತ್ಸೆಯೂ ಪೂರ್ಣ ಬಲದಿಂದ ಕೆಲಸ ಮಾಡದು. ನಾಳರೋಧಕವನ್ನು ಹದವಾಗಿ ಕೊಟ್ಟಾಗ ಹೆಚ್ಚುವರಿ ಕವಲುಗಳು ಉದುರಿ, ಉಳಿದವು ಕೆಲಕಾಲ ಸಹಜ ಸ್ವರೂಪಕ್ಕೆ ಮರಳುತ್ತವೆ, ಆ ಅವಧಿಯಲ್ಲಿ ಕಿಮೋ ಮತ್ತು ಆಮ್ಲಜನಕ ಎರಡೂ ಒಳಹೋಗುತ್ತವೆ ಎಂದು ಜೈನ್ 2001ರಲ್ಲಿ ವಾದಿಸಿದರು. ರಕ್ತ ನಿಲ್ಲಿಸಲು ಹುಟ್ಟಿದ ಔಷಧಿ ರಕ್ತದ ಹರಿವನ್ನು ಸರಿಪಡಿಸುವ ಮೂಲಕ ಉಪಕಾರ ಮಾಡುತ್ತದೆ ಎಂಬ ಈ ವಿಚಾರ ಇಡೀ ಕ್ಷೇತ್ರದ ದಿಕ್ಕನ್ನೇ ತಿರುಗಿಸಿತು. ಯಕೃತ್ತಿನ ಕ್ಯಾನ್ಸರಿನಲ್ಲಿ ಇಂದು ಬೆವಾಸಿಜುಮ್ಯಾಬ್ ಅನ್ನು ಅಟಿಜೋಲಿಜುಮ್ಯಾಬ್ ಎಂಬ ರೋಗನಿರೋಧಕ ಚಿಕಿತ್ಸೆಯೊಡನೆ ಕೊಡುವುದರ ಹಿಂದೆಯೂ ಈ ತಿಳಿವಳಿಕೆಯಿದೆ. ವಿಇಜಿಎಫ್ ತಗ್ಗಿದರೆ ರೋಗನಿರೋಧಕ ಕೋಶಗಳು ಗೆಡ್ಡೆಯೊಳಗೆ ನುಸುಳುವುದು ಸಲೀಸು. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಜೋಡಿ, ಅಲ್ಲಿಯವರೆಗೆ ಮೊದಲ ಆಯ್ಕೆಯಾಗಿದ್ದ ಸೊರಾಫೆನಿಬ್ ಮಾತ್ರೆಯನ್ನು ಹಿಂದಿಕ್ಕಿತು.

ಆ ಸೊರಾಫೆನಿಬ್‌ನ ಕಥೆ ಭಾರತಕ್ಕೆ ಬಹಳ ಮುಖ್ಯ. ಪ್ರತಿಕಾಯ ಹೊರಗಿನ ಕರೆಯನ್ನು ಹಿಡಿದುಹಾಕಿದರೆ, ಈ ಮಾತ್ರೆ ನಾಳದ ಕೋಶದೊಳಗೆ ಆ ಕರೆಯನ್ನು ಮುಂದಕ್ಕೆ ಸಾಗಿಸುವ ಕಿಣ್ವಗಳನ್ನು ತಡೆಯುತ್ತದೆ. ಮೂತ್ರಪಿಂಡ ಮತ್ತು ಯಕೃತ್ತಿನ ಮುಂದುವರಿದ ಕ್ಯಾನ್ಸರುಗಳಿಗೆ ಬಳಕೆ. ಜರ್ಮನಿಯ ಬಾಯರ್ ಕಂಪನಿ ಇದನ್ನು ಭಾರತದಲ್ಲಿ ತಿಂಗಳಿಗೆ ಬೇಕಾದ 120 ಮಾತ್ರೆಗೆ ಸುಮಾರು 2.8 ಲಕ್ಷ ರೂಪಾಯಿಗೆ ಮಾರುತ್ತಿತ್ತು. 2012ರ ಮಾರ್ಚ್ 9ರಂದು ಭಾರತದ ಪೇಟೆಂಟ್ ನಿಯಂತ್ರಕರು, ಔಷಧಿ ಜನರ ಕೈಗೆಟುಕುವ ಬೆಲೆಗೆ ಸಿಗುತ್ತಿಲ್ಲವೆಂಬ ಕಾರಣವನ್ನೂ ಮುಂದಿಟ್ಟು, ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟರು. ದೇಶದಲ್ಲಿ ಅಂಥ ಮೊದಲ ಆದೇಶ ಅದು. ಅದೇ 120 ಮಾತ್ರೆಗಳ ಬೆಲೆ 8,880 ರೂಪಾಯಿ ಮೀರುವಂತಿರಲಿಲ್ಲ, ವರ್ಷಕ್ಕೆ 600 ಬಡ ರೋಗಿಗಳಿಗೆ ಉಚಿತವಾಗಿ ಕೊಡಬೇಕಿತ್ತು. ಬಾಯರ್ ಮೇಲ್ಮನವಿ ಮಂಡಳಿಗೆ, ಬಾಂಬೆ ಹೈಕೋರ್ಟಿಗೆ, ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಡಿಸೆಂಬರಿನಲ್ಲಿ ಅಲ್ಲೂ ಅರ್ಜಿ ವಜಾ ಆಯಿತು. ಯಕೃತ್ತಿನ ಕ್ಯಾನ್ಸರಿನಲ್ಲಿ ಸೊರಾಫೆನಿಬ್ ಮಧ್ಯಕ ಬದುಕನ್ನು 7.9 ತಿಂಗಳಿಂದ 10.7 ತಿಂಗಳಿಗೆ ಹೆಚ್ಚಿಸುವ ಔಷಧಿ. ಮೂರು ತಿಂಗಳಿಗೂ ತುಸು ಕಡಿಮೆ ಕಾಲಕ್ಕಾಗಿ ಕುಟುಂಬವೊಂದು ಹೊಲ ಮಾರಬೇಕೇ ಎಂಬ ಪ್ರಶ್ನೆಗೆ ಆ ಆದೇಶ ಕೊಟ್ಟ ಉತ್ತರ ನ್ಯಾಯವಾದದ್ದು.

ಬೆವಾಸಿಜುಮ್ಯಾಬ್ ವಿಷಯದಲ್ಲಿ ಬೆಲೆ ಇಳಿಸಿದ್ದು ಜೈವಿಕ ಸಮಾನ ಔಷಧಿಗಳು. ಬೆಂಗಳೂರಿನ ಬಯೋಕಾನ್ 2017ರ ನವೆಂಬರಿನಲ್ಲಿ ಕ್ರಾಬೆವಾ ಎಂಬ ಹೆಸರಿನಲ್ಲಿ ತನ್ನ ಬೆವಾಸಿಜುಮ್ಯಾಬ್ ಅನ್ನು ಭಾರತದ ಮಾರುಕಟ್ಟೆಗೆ ತಂದಿತು. ಬೇರೆ ಭಾರತೀಯ ಕಂಪನಿಗಳೂ ಅದಕ್ಕಿಂತ ತುಸು ಮುಂಚೆ ಕಣಕ್ಕಿಳಿದಿದ್ದವು. ಬಯೋಕಾನ್ ಇರುವುದು ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ. 1973ರಲ್ಲಿ ಆರಂಭವಾದ ಕ್ಯಾನ್ಸರ್ ಆಸ್ಪತ್ರೆ, ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಅದೇ ರಸ್ತೆಯ ನಗರದ ಕಡೆಯ ತುದಿಯಲ್ಲಿದೆ, ಬೊಮ್ಮಸಂದ್ರದಲ್ಲಿ ಮಜುಂದಾರ್ ಷಾ ಕ್ಯಾನ್ಸರ್ ಕೇಂದ್ರವಿದೆ. ಅದೇ ಹೆದ್ದಾರಿ ಹೊಸೂರು ದಾಟಿ ಕೃಷ್ಣಗಿರಿ, ಧರ್ಮಪುರಿ, ಸೇಲಂಗೆ ಇಳಿಯುತ್ತದೆ. ಮೆಟ್ಟೂರು ಜಲಾಶಯದ ಮಗ್ಗುಲಿನ ಪಾಲಮಲೆಯಂಥ ಗುಡ್ಡಗಾಡಿನಿಂದ, ಧರ್ಮಪುರಿಯ ಒಳನಾಡಿನಿಂದ ದೊಡ್ಡ ಚಿಕಿತ್ಸೆಗೆ ಹೊರಡುವ ಕನ್ನಡ ಮಾತಿನ ಮನೆಗಳಿಗೆ ಬೆಂಗಳೂರು ಭಾಷೆಯ ದೃಷ್ಟಿಯಿಂದಲೂ ಹತ್ತಿರ. ಎರಡು ಅಥವಾ ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಬೇಕಾದ ಔಷಧಿಯೆಂದರೆ ಅಂಥವರಿಗೆ ಔಷಧಿಯ ಬೆಲೆಯಷ್ಟೇ ಬಸ್ಸು, ವಸತಿ, ತಪ್ಪಿದ ಕೂಲಿಯ ಲೆಕ್ಕವೂ ಭಾರ.

ಮೈಸೂರಿನಲ್ಲೂ ಈ ವಿಷಯದ ಸಂಶೋಧನೆ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ಭಾರತಿ ಸಾಲಿಮಠ ಅವರ ತಂಡ ಜರ್ಮನಿಯ ಡೀಟರ್ ಮಾರ್ಮೆ ಜೊತೆಗೂಡಿ, ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ನಾಳಗಳ ಹುಟ್ಟನ್ನು ಹೇಗೆ ತಡೆಯುತ್ತದೆಂದು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿತು. ಹೊಟ್ಟೆಯಲ್ಲಿ ನೀರು ತುಂಬುವ ಬಗೆಯ ಗೆಡ್ಡೆಯಿದ್ದ ಇಲಿಗಳಲ್ಲಿ ಕರ್ಕ್ಯುಮಿನ್ ಹೊಸ ನಾಳಗಳನ್ನು ಕಡಿಮೆ ಮಾಡಿತ್ತು, ವಿಇಜಿಎಫ್ ಮತ್ತು ಆಂಜಿಯೋಪೊಯೆಟಿನ್ ಜೀನುಗಳ ಚಟುವಟಿಕೆಯನ್ನು ತಗ್ಗಿಸಿತ್ತು. ಇದು ಗಂಭೀರವಾದ ಕೆಲಸ. ಆದರೆ ಇಂಥ ಸುದ್ದಿ ಈರೋಡಿನಿಂದ ಚಾಮರಾಜನಗರದವರೆಗೆ ಅರಿಶಿನ ಬೆಳೆಯುವ ನಾಡಿನಲ್ಲಿ ಹಬ್ಬುವಾಗ, ಆಸ್ಪತ್ರೆ ಬೇಡ, ಹಾಲಿಗೆ ಅರಿಶಿನ ಸಾಕು ಎಂಬ ರೂಪ ತಾಳುತ್ತದೆ. ತಿಂದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತಿ ಸ್ವಲ್ಪ, ಸೇರಿದ್ದನ್ನೂ ಯಕೃತ್ತು ಬೇಗ ಮಾರ್ಪಡಿಸಿಬಿಡುತ್ತದೆ. ಮನುಷ್ಯರ ಕ್ಯಾನ್ಸರನ್ನು ಅದು ವಾಸಿಮಾಡಿದ ಪುರಾವೆಯಿಲ್ಲ. ಅಡುಗೆಗೆ ಅರಿಶಿನ ಇರಲಿ, ಆದರೆ ಅದನ್ನು ನೆಚ್ಚಿ ಚಿಕಿತ್ಸೆಯ ತಿಂಗಳುಗಳನ್ನು ಕಳೆದುಕೊಂಡವರಿಗೆ ಆ ಕಾಲ ಮರಳಿ ಸಿಗದು.

ರಕ್ತ ನಿಲ್ಲಿಸುವ ಮಾತನ್ನು ಅಕ್ಷರಶಃ ನಡೆಸುವ ವಿಧಾನ ಇನ್ನೊಂದಿದೆ. ಆರೋಗ್ಯವಂತ ಯಕೃತ್ತಿಗೆ ಮುಕ್ಕಾಲು ಪಾಲು ರಕ್ತ ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯಿಂದ ಸಿಗುತ್ತದೆ. ಯಕೃತ್ತಿನಲ್ಲೇ ಹುಟ್ಟಿದ ಕ್ಯಾನ್ಸರ್ ಮಾತ್ರ ಹೆಚ್ಚಾಗಿ ಅಪಧಮನಿಯನ್ನು ಅವಲಂಬಿಸುತ್ತದೆ. ಈ ವ್ಯತ್ಯಾಸವೇ ವೈದ್ಯರಿಗೆ ಅನುಕೂಲ. ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಗೆಡ್ಡೆಗೆ ಹೋಗುವ ಕವಲಿನವರೆಗೆ ಒಯ್ದು, ಅಲ್ಲೇ ಕಿಮೋ ಔಷಧಿ ಬಿಟ್ಟು, ಸೂಕ್ಷ್ಮ ಕಣಗಳಿಂದ ಆ ಕವಲನ್ನು ಮುಚ್ಚುತ್ತಾರೆ. ಗೆಡ್ಡೆ ರಕ್ತವಿಲ್ಲದೆ ಸಾಯುತ್ತದೆ, ಉಳಿದ ಯಕೃತ್ತು ಪೋರ್ಟಲ್ ರಕ್ತದಿಂದ ಬದುಕುತ್ತದೆ. ಟೇಸ್ ಎಂದು ಕರೆಯುವ ಈ ವಿಧಾನ ಆಯ್ದ ರೋಗಿಗಳ ಆಯುಷ್ಯ ಹೆಚ್ಚಿಸುತ್ತದೆಂದು ಬಾರ್ಸಿಲೋನಾ ಮತ್ತು ಹಾಂಕಾಂಗ್‌ನ ಪರೀಕ್ಷೆಗಳು 2002ರಲ್ಲಿ ತೋರಿಸಿದವು. ಯಕೃತ್ತು ಸಿರೋಸಿಸ್‌ನಿಂದ ತೀರಾ ಸೋತಿದ್ದರೆ, ಪೋರ್ಟಲ್ ಅಭಿಧಮನಿಯ ಮುಖ್ಯ ಭಾಗವೇ ಕಟ್ಟಿಕೊಂಡಿದ್ದರೆ ಸಾಮಾನ್ಯವಾಗಿ ಇದಕ್ಕೆ ಕೈಹಾಕುವುದಿಲ್ಲ.

ಭಾರತದ ಮಟ್ಟಿಗೆ ಎಲ್ಲಕ್ಕಿಂತ ಆಶಾದಾಯಕವಾದದ್ದು ಅಗ್ಗದ ಮಾತ್ರೆಗಳ ದಾರಿ. ಕಿಮೋ ಔಷಧಿಯನ್ನು ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ನಡುವಿನ ಬಿಡುವಿನಲ್ಲಿ ನಾಳದ ಕೋಶಗಳು ಚೇತರಿಸಿಕೊಳ್ಳುತ್ತವೆ. ಸಣ್ಣ ಪ್ರಮಾಣದಲ್ಲಿ, ಬಿಡುವಿಲ್ಲದೆ ಕೊಟ್ಟರೆ ಆ ಚೇತರಿಕೆ ನಿಲ್ಲುತ್ತದೆ ಎಂದು 2000ದಲ್ಲಿ ಫೋಕ್‌ಮನ್ ಪ್ರಯೋಗಾಲಯವೇ ಇಲಿಗಳಲ್ಲಿ ತೋರಿಸಿತು. ಇದಕ್ಕೆ ಮೆಟ್ರೊನೊಮಿಕ್ ಚಿಕಿತ್ಸೆ ಎಂಬ ಹೆಸರು ಬಂತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ಇದನ್ನು, ತಂಬಾಕು ಹೆಚ್ಚಾಗಿ ಹುಟ್ಟಿಸುವ ಬಾಯಿ ಮತ್ತು ಗಂಟಲಿನ ಕ್ಯಾನ್ಸರುಗಳಿಗೆ ಅನ್ವಯಿಸಿದರು. ವಾಸಿಯಾಗುವ ಹಂತ ದಾಟಿದ 422 ರೋಗಿಗಳಲ್ಲಿ ಅರ್ಧ ಜನರಿಗೆ ರಕ್ತನಾಳದ ಮೂಲಕ ಸಿಸ್ಪ್ಲಾಟಿನ್, ಉಳಿದವರಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಮತ್ತು ದಿನಕ್ಕೆರಡು ಬಾರಿ ಸೆಲೆಕೋಕ್ಸಿಬ್. ಎರಡೂ ಹಳೆಯ, ಅಗ್ಗದ ಔಷಧಿಗಳು. ಸೆಲೆಕೋಕ್ಸಿಬ್ ಕೀಲುನೋವಿನ ಮಾತ್ರೆ. 2020ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಫಲಿತಾಂಶದಂತೆ ಸಿಸ್ಪ್ಲಾಟಿನ್ ಪಡೆದವರ ಮಧ್ಯಕ ಬದುಕು 6.1 ತಿಂಗಳು, ಮಾತ್ರೆ ನುಂಗಿದವರದು 7.5 ತಿಂಗಳು. ತೀವ್ರ ಅಡ್ಡಪರಿಣಾಮಗಳೂ ಮಾತ್ರೆಯವರಲ್ಲೇ ಕಡಿಮೆ. ಆಮೇಲಿನ ಇನ್ನೊಂದು ಅಧ್ಯಯನದಲ್ಲಿ ಇದೇ ತಂಡ ಮೂರು ಮಾತ್ರೆಗಳ ಮೆಟ್ರೊನೊಮಿಕ್ ಜೋಡಣೆಗೆ, ರೂಢಿಯ ಪ್ರಮಾಣದ ಹತ್ತನೇ ಒಂದು ಪಾಲಿಗೂ ಕಡಿಮೆ, 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ರೋಗನಿರೋಧಕ ಚಿಕಿತ್ಸೆಯ ಔಷಧಿಯನ್ನು ಸೇರಿಸಿತು. ಒಂದು ವರ್ಷ ಬದುಕಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ಮನೆಯಲ್ಲೇ ನುಂಗಬಹುದಾದ ಮಾತ್ರೆ ದೂರದ ಊರಿನವರಿಗೆ ಆಸ್ಪತ್ರೆಯ ಅಲೆದಾಟವನ್ನೂ ಕಡಿಮೆ ಮಾಡುತ್ತದೆ.

ಈ ಔಷಧಿಗಳು ಮೃದುವಾಗಿರುತ್ತವೆ ಎಂಬ ಮೊದಲ ನಿರೀಕ್ಷೆ ಪೂರ್ತಿ ನಿಜವಾಗಲಿಲ್ಲ. ವಿಇಜಿಎಫ್ ಗೆಡ್ಡೆಯೊಂದರ ಸ್ವತ್ತಲ್ಲ, ಮೂತ್ರಪಿಂಡದ ಸೋಸುಗಳಿಗೂ ನಾಳಗಳ ಸಡಿಲಿಕೆಗೂ ಅದು ನಿತ್ಯ ಬೇಕು. ಅದನ್ನು ತಡೆದಾಗ ರಕ್ತದೊತ್ತಡ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವಿಕೆ, ಅಪರೂಪಕ್ಕೆ ಕರುಳಿನಲ್ಲಿ ರಂಧ್ರ ಬೀಳುವುದೂ ಉಂಟು. ಸೊರಾಫೆನಿಬ್ ನುಂಗುವವರಲ್ಲಿ ಅಂಗೈ, ಅಂಗಾಲು ಕೆಂಪೇರಿ ಬಿರಿಯುತ್ತವೆ, ಹೊಲಗೆಲಸದವರಿಗೆ ಇದು ಸಣ್ಣ ತೊಂದರೆಯಲ್ಲ. ಗಾಯ ಮಾಯಲು ಹೊಸ ನಾಳ ಬೇಕಾದ್ದರಿಂದ, ದೊಡ್ಡ ಶಸ್ತ್ರಕ್ರಿಯೆಗೆ ಕನಿಷ್ಠ 28 ದಿನ ಮೊದಲು ಬೆವಾಸಿಜುಮ್ಯಾಬ್ ನಿಲ್ಲಿಸಬೇಕು. ಆಮೇಲೂ ಅಷ್ಟೇ ದಿನ ಕಳೆದು, ಗಾಯ ಪೂರ್ತಿ ಮಾಯುವವರೆಗೆ ಮತ್ತೆ ಶುರುಮಾಡುವಂತಿಲ್ಲ. ಹಲ್ಲು ಕೀಳಿಸುವ ಮುನ್ನವೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಬೇಕಾದದ್ದು ಇದೇ ಕಾರಣಕ್ಕೆ. ಗರ್ಭಿಣಿಯರಿಗೆ ಈ ಔಷಧಿಗಳು ಸಲ್ಲವು.

ಯಾವ ರೋಗಿಗೆ ಬೆವಾಸಿಜುಮ್ಯಾಬ್ ಫಲಿಸುತ್ತದೆ, ಯಾರಿಗೆ ಬರಿಯ ಖರ್ಚು ಮತ್ತು ಅಡ್ಡಪರಿಣಾಮವಷ್ಟೇ ಉಳಿಯುತ್ತದೆ ಎಂದು ಮೊದಲೇ ಹೇಳಬಲ್ಲ, ಒಪ್ಪಿತವಾದ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಸದ್ಯಕ್ಕೆ ವೈದ್ಯರು ಕ್ಯಾನ್ಸರಿನ ಬಗೆ, ಅದರ ಹಂತ, ರೋಗಿಯ ಮೂತ್ರಪಿಂಡ ಮತ್ತು ಹೃದಯದ ಸ್ಥಿತಿ ನೋಡಿ ನಿರ್ಧರಿಸುತ್ತಾರೆ. ಕೆಲವು ಸುತ್ತುಗಳ ನಂತರ ಸ್ಕ್ಯಾನ್ ಮಾಡಿಸಿ, ಗೆಡ್ಡೆ ಬೆಳೆಯುತ್ತಲೇ ಇದ್ದರೆ ಔಷಧಿ ಬದಲಿಸುತ್ತಾರೆ.